ಭಾನುವಾರದ ಕೂಲಿ

ವಾರವೆಲ್ಲ ಕಚೇರಿಯಲ್ಲಿ ಕುರ್ಚಿ ಸವೆಸುವ ನಾನು, ಭಾನುವಾರ ಬಂತೆಂದರೆ ಹಳೇ ಬನಿಯನ್ನು ತೊಟ್ಟು ಕಂಡವರ ಕಾರಿನ ಸೇವೆಗೆ ನಿಲ್ಲುತ್ತೇನೆ. ಇದಕ್ಕೆ ಡೀಟೇಲಿಂಗ್ ಎಂದು ಹೆಸರು. ತೊಳೆಯುವುದಕ್ಕೂ ಇದಕ್ಕೂ ಇರುವ ಅಂತರವನ್ನು ನಮ್ಮತ್ತೆಗೆ ಅರ್ಧ ಗಂಟೆ ವಿವರಿಸಿದೆ. “ಅಂತೂ ಕಾರು ತೊಳೀತೀರಿ ಅನ್ನಿ ಅಳಿಯಂದ್ರೇ” ಎಂದು ಮುಗಿಸಿಬಿಟ್ಟರು.

ಗಿರಾಕಿಗಳದೂ ಅದೇ ರಾಗ. “ಸರ್ಕಲ್ ಹತ್ರ ವಾಟರ್ ಸರ್ವಿಸ್‌ನವನು ನಾನೂರಕ್ಕೆ ಮಾಡ್ತಾನೆ, ನಿಮ್ಮದೇನು ಎರಡು ಸಾವಿರ?” ಅಂಥವರ ಬೆರಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ತೊಡಿಸಿ, ತೊಳೆದ ಬಾನೆಟ್ ಮೇಲೆ ಸವರಿ ಎನ್ನುತ್ತೇನೆ. ಕಣ್ಣಿಗೆ ಫಳಫಳ ಕಂಡದ್ದು ಕೈಗೆ ರವೆಯಂತೆ ತರಿತರಿ. ಮರದ ಅಂಟು, ಬ್ರೇಕಿನ ಕಬ್ಬಿಣದ ಪುಡಿ, ಬೋರ್‌ವೆಲ್ ನೀರಿನ ಬಿಳೀ ಕಲೆ. ಇವನ್ನು ತೆಗೆಯಲು ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯಿದೆ. ಶಾಂಪೂ ನೀರು ಚಿಮುಕಿಸಿ ಹಗುರಾಗಿ ಉಜ್ಜಬೇಕು. ಕಪ್ಪಾದಂತೆಲ್ಲ ಚಪಾತಿ ಹಿಟ್ಟಿನ ಹಾಗೆ ಮಡಚಿ ನಾದಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿತ್ತೋ, ಮುದ್ದೆ ಕಸದ ಬುಟ್ಟಿಗೆ. ಒಂದು ಮರಳಿನ ಕಣ ಅಂಟಿದ್ದರೂ ಬಣ್ಣದುದ್ದಕ್ಕೂ ಗೀರು. ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಹೆಚ್ಚೂಕಡಿಮೆ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪಾಲಿಶ್ ಮಾಡಿದಷ್ಟು ಸಲವೂ ಅದು ಚೂರು ಸವೆಯುತ್ತದೆ. ಅವಸರದ ಕೈಗೆ ಇಲ್ಲಿ ಕೆಲಸವಿಲ್ಲ.

ಎಲ್ಲ ಕೇಳಿ, ತಲೆದೂಗಿ, “ಐನೂರು ಬಿಡಿ” ಎನ್ನುತ್ತಾರೆ. ಬಿಟ್ಟೆ. ಬಿಡುತ್ತ ಬಿಡುತ್ತ 999ಕ್ಕೆ ಬಂದು ನಿಂತೆ. ಒಂದು ರಾತ್ರಿ ಹೆಂಡತಿ ಹಾಲಿನ ಲೆಕ್ಕದ ಪುಸ್ತಕದ ಕೊನೇ ಪುಟ ತೆರೆದಳು. ಶಾಂಪೂ, ಪಾಲಿಶ್, ಬಟ್ಟೆ 350. ಪೆಟ್ರೋಲು 100. ಉಳಿದ 549ನ್ನು ಆರು ಗಂಟೆಗೆ ಭಾಗಿಸಿ, “ಗಂಟೆಗೆ ತೊಂಬತ್ತೊಂದೂವರೆ ರೂಪಾಯಿ. ಸೊಂಟಕ್ಕೆ ಹಚ್ಚೋ ಮುಲಾಮು ಸೇರಿಸಿಲ್ಲ” ಎಂದಳು.

ಇದಕ್ಕೆಲ್ಲ ಆ ನಾನೂರರವನೇ ಕಾರಣ ಎಂದು ಹಲ್ಲು ಕಡಿದುಕೊಂಡಿದ್ದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತು. ಅವನ ಬೋರ್‌ವೆಲ್ಲೂ ಬತ್ತಿತ್ತು. ಆ ದಿನಗಳಲ್ಲೇ ಒಮ್ಮೆ ಅವನ ಶೆಡ್ಡಿನ ಪಕ್ಕದ ಟೀ ಅಂಗಡಿಯಲ್ಲಿ ಎದುರಾದವನು ಜಗಳಕ್ಕೇನೂ ಬರಲಿಲ್ಲ; ಬೈಟು ಕಾಫಿ ಹೇಳಿದ. “ನಿಮಗೆ ಒಂದನೇ ತಾರೀಕು ಸಂಬಳ ಬೀಳತ್ತೆ ಸಾರ್. ನೀವು ಒಳಗೂ ಹೊರಗೂ ಸೇರಿಸಿ ಸಾವಿರದೊಳಗೆ ಮಾಡಿಕೊಟ್ರೆ, ಜನ ನನ್ನ ನಾನೂರಕ್ಕೂ ಚೌಕಾಸಿಗಿಳೀತಾರೆ. ಶೆಡ್ ಬಾಡಿಗೆ, ಇಬ್ಬರು ಹುಡುಗರ ಸಂಬಳ ನಾನೆಲ್ಲಿಂದ ತರಲಿ?”

ಕಾಫಿ ಗಂಟಲಲ್ಲೇ ನಿಂತಿತು. ಅವನ ನಾನೂರು ಹೊಟ್ಟೆಪಾಡಿನ ದರ. ನನ್ನ 999ಕ್ಕೆ ಕಚೇರಿಯ ಸಂಬಳ ಒತ್ತಾಸೆಯಾಗಿತ್ತು. ಬೀದಿಯ ದರ ಕೆಡಿಸುತ್ತಿದ್ದವನು ನಾನೇ.

ಮರುವಾರದಿಂದ ಮತ್ತೆ ಎರಡು ಸಾವಿರ ಎಂದೆ. ಗಿರಾಕಿಗಳು ಅರ್ಧಕ್ಕರ್ಧ ಕರಗಿದರು. ಬರೀ ಧೂಳು ಹೋದರೆ ಸಾಕು ಎನ್ನುವವರಿಗೆ ಸರ್ಕಲ್‌ನ ದಾರಿ ತೋರಿಸುತ್ತೇನೆ.

ಮೊನ್ನೆ ಅವನದೇ ಫೋನು. “ಮಗು ಸೀಟ್ ತುಂಬ ವಾಂತಿ ಮಾಡಿದೆ ಸಾರ್, ನಮ್ಮ ಕೈಲಾಗೋ ಕೆಲಸ ಅಲ್ಲ. ಪಾರ್ಟಿನ ನಿಮ್ಮ ಹತ್ರ ಕಳಿಸ್ತಿದ್ದೀನಿ.” ಸ್ವಲ್ಪ ತಡೆದು, “ಎರಡೂವರೆ ಅಂತ ಹೇಳಿಬಿಟ್ಟಿದ್ದೀನಿ. ದಮ್ಮಯ್ಯ, ಇಳಿಸಬೇಡಿ” ಎಂದ.