ಹೆದರಿಕೆಗೂ ಒಂದು ಮಾತೃಭಾಷೆ ಇದೆ

ಊರಿಗೆ ಹೋಗಿಬರುವುದು ನಮ್ಮಂಥ ಕುಟುಂಬಗಳಿಗೆ ಬರೀ ಪ್ರವಾಸವಲ್ಲ, ಮಕ್ಕಳ ಕನ್ನಡಕ್ಕೆ ಅದೇ ಗೊಬ್ಬರ, ಅದೇ ನೀರು. ಅಜ್ಜಿ ಮನೆಯ ಜಗಲಿಯಲ್ಲಿ ಮೂರು ವಾರ ಆಡಿದ ಮಗು ಕಲಿಯುವಷ್ಟು ಮಾತನ್ನು ವಿಡಿಯೊ ಕಾಲ್‌ನಲ್ಲಿ ಮೂರು ವರ್ಷವಾದರೂ ಕಲಿಸಲಾಗದು ಎಂಬುದು ನಿಮಗೂ ಗೊತ್ತಿರುತ್ತದೆ. ಆದರೆ ಆ ಜಗಲಿಗೂ ನಿಮಗೂ ನಡುವೆ ಒಂದು ವಿಮಾನ ಇದೆ. ಅದನ್ನು ನೆನೆದರೇ ಅಂಗೈ ಬೆವರುವ ಹಾಗಿದ್ದರೆ?

ನಾಲ್ಕು ವರ್ಷ ನನ್ನ ಪಾಡು ಇದೇ ಆಗಿತ್ತು. ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ ಅಮ್ಮ ಇದ್ದಾರೆ. ಮಂಡಿನೋವಿನಿಂದಾಗಿ ಅವರು ಇಲ್ಲಿಗೆ ಬರುವಂತಿಲ್ಲ. ಆರು ವರ್ಷದ ಮಗಳು ಫೋನಿನಲ್ಲಿ ಅಜ್ಜಿಗೆ 'ಹ್ಞೂಂ', 'ಊಟ ಆಯ್ತು' ಎರಡನ್ನೇ ಹೇಳಿ ಓಡಿಹೋಗುವ ಹಂತಕ್ಕೆ ಬಂದಿದ್ದಳು.

ನಾವಿರುವುದು ಲೋವರ್ ಹಟ್‌ನಲ್ಲಿ. ಇಲ್ಲಿಂದ ಹೊರಟರೆ ವೆಲ್ಲಿಂಗ್ಟನ್ ವಿಮಾನ ನಿಲ್ದಾಣವೇ ಗತಿ. ಗುಡ್ಡಗಳ ನಡುವೆ, ಎರಡು ಕೊಲ್ಲಿಗಳ ಮಧ್ಯದ ಕಿರಿದಾದ ನೆಲದ ಪಟ್ಟಿಯ ಮೇಲೆ 1959ರಲ್ಲಿ ಶುರುವಾದ ನಿಲ್ದಾಣ ಅದು. ರನ್‌ವೇಯ ಎರಡೂ ತುದಿಯಲ್ಲಿ ನೀರು. ಉತ್ತರ ಮತ್ತು ದಕ್ಷಿಣ ದ್ವೀಪಗಳ ನಡುವಿನ ಕುಕ್ ಜಲಸಂಧಿ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿದ ಹಾಗೆ ರಭಸದಿಂದ ತಳ್ಳುತ್ತದೆ, ಗುಡ್ಡಗಳು ಅದನ್ನು ಕದಡುತ್ತವೆ. ಅಂಥ ಒಂದು ದಿನ ನಮ್ಮ ವಿಮಾನ ಎರಡು ಸಲ ಇಳಿಯಲು ಹೋಗಿ ಎರಡು ಸಲವೂ ಮೇಲೆದ್ದು, ಮೂರನೆಯ ಸಲ ನೆಲ ಮುಟ್ಟಿತು. ಪೈಲಟ್‌ಗಳಿಗೆ ಅದು ಕಲಿತ ಪಾಠ, ಸರಿಯಾದ ಕ್ರಮ. ನನ್ನ ಹೊಟ್ಟೆಗೆ ಅದು ಅರ್ಥವಾಗಲಿಲ್ಲ.

ನಾನು ಭೂವಿಜ್ಞಾನಿ. ವೆಲ್ಲಿಂಗ್ಟನ್ ಭೂಬಿರುಕು ನಮ್ಮ ಹಟ್ ಕಣಿವೆಯ ಪಶ್ಚಿಮ ಅಂಚಿನಲ್ಲೇ ಹಾದುಹೋಗುತ್ತದೆ. 1855ರ ವೈರರಾಪಾ ಭೂಕಂಪ ಇಲ್ಲಿಯ ಕಡಲ ತೀರವನ್ನೇ ಮೇಲೆತ್ತಿತ್ತು. ಅಂಥ ನೆಲದ ಮೇಲೆ ನಾನು ನೆಮ್ಮದಿಯಾಗಿ ಮಲಗುತ್ತೇನೆ, ಆದರೆ ಅದಕ್ಕಿಂತ ಎಷ್ಟೋ ಸುರಕ್ಷಿತವಾದ ವಿಮಾನಕ್ಕೆ ಹೆದರುತ್ತೇನೆ. ಅಂಕಿಅಂಶಗಳೆಲ್ಲ ನನಗೆ ಬಾಯಿಪಾಠ ಇದ್ದವು. ಅವುಗಳಿಂದ ಹೆದರಿಕೆ ಹೋಗುವ ಹಾಗಿದ್ದರೆ ನನ್ನದು ಎಂದೋ ಹೋಗಬೇಕಿತ್ತು.

ವ್ಯತ್ಯಾಸ ಹೊಳೆದದ್ದು ಮಗಳಿಂದ. ಇಲ್ಲಿಯ ಶಾಲೆಗಳಲ್ಲಿ ಭೂಕಂಪದ ಅಭ್ಯಾಸ ಮಾಡಿಸುತ್ತಾರೆ: 'ಡ್ರಾಪ್, ಕವರ್, ಹೋಲ್ಡ್'. ಬಗ್ಗು, ಮೇಜಿನಡಿ ಸೇರು, ಗಟ್ಟಿಯಾಗಿ ಹಿಡಿದುಕೋ. ಆಟದ ಹಾಗೆ ಅದನ್ನೇ ಮಾಡಿ ಮಾಡಿ ಮಕ್ಕಳಿಗೆ ಮೈಗೇ ಗೊತ್ತಾಗಿಬಿಟ್ಟಿದೆ. ನೆಲ ನಡುಗಿದರೆ ಏನು ಮಾಡಬೇಕೆಂದು ನನ್ನ ಮೈಗೂ ಗೊತ್ತು. ವಿಮಾನ ನಡುಗಿದರೆ ಗೊತ್ತಿರಲಿಲ್ಲ.

ಆಗ ಎರಡು ಹಳೆಯ ಸಂಶೋಧನೆಗಳು ನೆನಪಾದವು. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ವರ್ಷದ ಕೂಸುಗಳನ್ನು ಗಾಜು ಹೊದಿಸಿದ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ತಗ್ಗು ಇದ್ದಂತೆ ಕಾಣುತ್ತದೆ. ಆಚೆ ಬದಿಯಲ್ಲಿದ್ದ ತಾಯಿ ನಕ್ಕಾಗ 19ರಲ್ಲಿ 14 ಕೂಸುಗಳು ದಾಟಿ ಬಂದವು. ತಾಯಿ ಹೆದರಿದ ಮುಖ ಮಾಡಿದಾಗ ಒಂದೂ ದಾಟಲಿಲ್ಲ. 2003ರ ಇನ್ನೊಂದು ಅಧ್ಯಯನ ಟರ್ಕಿಶ್ ಮಾತೃಭಾಷೆಯವರದು. ಚಿಕ್ಕಂದಿನ ಬೈಗುಳಗಳನ್ನು ಟರ್ಕಿಶ್‌ನಲ್ಲಿ ಕೇಳಿದಾಗ ಅವರ ಮೈ ತೋರಿದ ಪ್ರತಿಕ್ರಿಯೆ, ಆಮೇಲೆ ಕಲಿತ ಇಂಗ್ಲಿಷ್‌ನಲ್ಲಿ ಕೇಳಿದಾಗಿನದಕ್ಕಿಂತ ಹೆಚ್ಚಾಗಿತ್ತು.

ನನ್ನ ಮಟ್ಟಿಗೆ ಇದರ ಅರ್ಥ ಸರಳ. ಮಗಳು ನನ್ನ ಮುಖ ನೋಡಿ ಕಲಿಯುತ್ತಾಳೆ. ನನ್ನ ಹೆದರಿಕೆ ಕನ್ನಡದಲ್ಲಿದೆ, ಹಾಗಾಗಿ ಸಮಾಧಾನವೂ ಕನ್ನಡದಲ್ಲೇ ಹೇಳಬೇಕು.

ಅಭ್ಯಾಸ ಶುರು ಮಾಡಿದೆವು. ಮೊದಲು ಭಾನುವಾರಗಳಂದು ರನ್‌ವೇಯ ದಕ್ಷಿಣ ತುದಿಯ ಲಯಲ್ ಬೇ ಕಡಲ ತೀರಕ್ಕೆ ಹೋಗಿ ಕೂತೆವು. ಗಾಳಿ ಜೋರಿದ್ದ ದಿನ ವಿಮಾನಗಳು ಓಲಾಡುತ್ತಾ ಬಂದು ಇಳಿಯುವುದನ್ನು ಎಣಿಸಿದೆವು. "ಒಂದು ಇಳೀತು, ಎರಡು ಇಳೀತು" ಎಂದು ಮಗಳು ಕನ್ನಡದಲ್ಲಿ ನಲವತ್ತರ ತನಕ ಎಣಿಸಲು ಕಲಿತದ್ದು ಅಲ್ಲೇ. ಆಮೇಲೆ ಜಲಸಂಧಿ ದಾಟಿ ನೆಲ್ಸನ್‌ಗೆ ಪುಟ್ಟ ಪ್ರಯಾಣ. ಆಮೇಲೆ ಆಕ್ಲೆಂಡ್. ಪ್ರತಿ ಸಲವೂ ಹೆದರಿಕೆ ಏರಿತು, ಸ್ವಲ್ಪ ಹೊತ್ತು ನಿಂತಿತು, ತಾನಾಗಿ ಇಳಿಯಿತು. ಓಡಿಹೋಗದೆ ಕೂತರೆ ಅದು ಇಳಿಯುತ್ತದೆ ಎಂದು ಮೈ ಕಲಿಯುವುದೇ ಈ ಚಿಕಿತ್ಸೆಯ ಗುಟ್ಟು.

ಕುಲುಕಾಟಕ್ಕೆ ನಮ್ಮದೇ ವಿವರಣೆಯೂ ಸಿಕ್ಕಿತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಸ್ಸು ವಾಲುತ್ತದೆ, ಹೊಂಡಕ್ಕೆ ಬಿದ್ದು ಏಳುತ್ತದೆ. ಯಾರೂ 'ಬಸ್ಸು ಮುರಿಯಿತು' ಎನ್ನುವುದಿಲ್ಲ. ಗಾಳಿಯ ದಾರಿಯೂ ಹಾಗೆಯೇ. ರೆಕ್ಕೆ ಬಾಗುವುದು ಬಾಗಲೆಂದೇ. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚು ಭಾರದ ಒಂದೂವರೆ ಪಟ್ಟನ್ನು ತಡೆದುಕೊಳ್ಳುತ್ತದೆ ಎಂದು ತೋರಿಸಿದ ಮೇಲೆಯೇ ಅಂಥ ವಿಮಾನಕ್ಕೆ ಒಪ್ಪಿಗೆ ಸಿಗುವುದು.

ಕಳೆದ ಡಿಸೆಂಬರ್‌ನಲ್ಲಿ ಆಕ್ಲೆಂಡ್, ಸಿಂಗಪುರ ಮಾರ್ಗವಾಗಿ ಬೆಂಗಳೂರು ತಲುಪಿದೆವು. ಸಮುದ್ರದ ಮೇಲೆ ವಿಮಾನ ಕುಲುಕಿದಾಗ ಮಗಳು "ಅಮ್ಮಾ, ಆರ್ ಯು ಸ್ಕೇರ್ಡ್?" ಎಂದಳು. "ಹೂಂ ಪುಟ್ಟಾ, ಸ್ವಲ್ಪ ಹೆದರಿಕೆ ಆಗ್ತಿದೆ. ಈಗ ಘಾಟಿ ಬಂತು, ದಾಟಿಬಿಡ್ತೀವಿ" ಎಂದೆ. ಅವಳು ನನ್ನ ಕೈ ಹಿಡಿದು ತಿರುವು ಎಣಿಸತೊಡಗಿದಳು. ಮೂರು ದಿನಗಳ ಬಳಿಕ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು "ಅಜ್ಜೀ, ನಂಗೆ ಹೆದರಿಕೆ ಆಗ್ತಿದೆ, ನೀನೂ ಬಾ" ಎಂದು ಕೂಗಿದಳು. ಆ ಪದ ಅವಳದಾಗಿತ್ತು.

ನಿಮ್ಮಲ್ಲೂ ಇಂಥ ಹೆದರಿಕೆ ಇದ್ದರೆ ಧೈರ್ಯ ಬರಲಿ ಎಂದು ಕಾಯಬೇಡಿ. ಚಿಕ್ಕ ಮೆಟ್ಟಿಲಿನಿಂದ ಶುರುಮಾಡಿ. ಹೆದರಿಕೆ ತೀರಾ ಹೆಚ್ಚಿದ್ದರೆ ವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ, ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮಕ್ಕಳೆದುರು ಹೆದರಿಕೆಯನ್ನು ಬಚ್ಚಿಡುವ ಬದಲು ಅದಕ್ಕೆ ಕನ್ನಡದಲ್ಲಿ ಹೆಸರು ಕೊಡಿ: ಹೆದರಿಕೆ, ಗಾಬರಿ, ತಳಮಳ, ಸಮಾಧಾನ, ಧೈರ್ಯ. ಬಣ್ಣ, ಹಣ್ಣು, ಪ್ರಾಣಿಗಳ ಹೆಸರನ್ನು ನಾವೆಲ್ಲ ಕಲಿಸುತ್ತೇವೆ. ಕಷ್ಟದ ಹೊತ್ತಿನಲ್ಲಿ ಮಗುವಿಗೆ ಬೇಕಾಗುವುದು ಈ ಐದು ಪದಗಳು.

ನನ್ನ ಅಂಗೈ ಈಗಲೂ ಬೆವರುತ್ತದೆ. ಮುಂದಿನ ಏಪ್ರಿಲ್‌ಗೆ ಟಿಕೆಟ್ ತೆಗೆದಿದ್ದೇವೆ.