ಚೆನ್ನಿಗರಾಯನ ಚಪ್ಪಲಿ ಮತ್ತು ನಮ್ಮ ಟೈರು

ಅರಸೀಕೆರೆಯಲ್ಲಿ ಮೋಟರ್‌ಹೋಮ್ ನಿಲ್ಲಿಸಿದವರಿಗೆ ಎದುರಾಗುವ ಮೊದಲ ಪ್ರಶ್ನೆ, 'ಯಾವ ಹೀರೋ ಬಂದವ್ರೆ ಸಾ ಒಳ್ಗೆ?' ಎಂಬುದು. ನಮ್ಮ ಜನ ಇಂಥ ಗಾಡಿ ಕಂಡಿರುವುದು ಸಿನಿಮಾ ಶೂಟಿಂಗಿನಲ್ಲಿ. ಕ್ಯಾರವಾನ್ ಅಂದಮೇಲೆ ಒಳಗೆ ಒಬ್ಬ ನಾಯಕ ಮೇಕಪ್ಪು ಹಾಕಿಸಿಕೊಳ್ಳುತ್ತ ಕೂತಿರಲೇಬೇಕು. ಬಾಗಿಲು ತೆರೆದು, ಲುಂಗಿ ಬನಿಯನ್ನಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಟೀ ಸೋಸುವ ಜಾಲರಿ ಹಿಡಿದು ಕೆಳಗಿಳಿದರೆ ಆ ಗುಂಪಿನ ಮುಖ ನೋಡಬೇಕು! ಎರಡನೆಯ ಪ್ರಶ್ನೆ, 'ಎಷ್ಟ್ ಬಿತ್ತು ಸಾ?' ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ಮನೆ ಗಾಡಿಯ ಹಿಂದಕ್ಕೆ ಹೋಗಿ, ಬಗ್ಗಿ, ಅಡಿಭಾಗ ನೋಡಿಕೊಂಡು ಬರುತ್ತಾರೆ. ಕಕ್ಕಸಿನದು ಎಲ್ಲಿಗೆ ಹೋಗುತ್ತೆ ಎಂಬ ಚಿಂತೆ ಅವರದು. ಮೂರರಲ್ಲಿ ಬುದ್ಧಿವಂತಿಕೆಯ ಪ್ರಶ್ನೆ ಅದೊಂದೇ. ಅದಕ್ಕೆ ಆಮೇಲೆ ಬರೋಣ.

ಹಾಗೆ ನೋಡಿದರೆ ಮನೆ ಹೇರಿಕೊಂಡು ಹೊರಡುವುದು ನಮಗೇನೂ ಹೊಸತಲ್ಲ. ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ ಜಮಖಾನ ಬಿಡಿಸಿದ ಗಾಡಿಯಲ್ಲಿ ಅಜ್ಜಿ, ಮೊಮ್ಮಕ್ಕಳು, ಬುತ್ತಿಗಂಟು, ಒಲೆಗೆ ಮೂರು ಕಲ್ಲು ಸಮೇತ ಜಾತ್ರೆಗೆ ಹೋಗುತ್ತಿದ್ದರು. ಅಂತರಘಟ್ಟೆಯ ದುರ್ಗಾಂಬೆ ಜಾತ್ರೆಗೆ ಇವತ್ತಿಗೂ ಪಾನಕದ ಬಂಡಿ ಕಟ್ಟಿಕೊಂಡು ಬರುವವರಿದ್ದಾರೆ. ಆ ಗಾಡಿಗಳಲ್ಲಿ ಹಾಸಿಗೆಯಿತ್ತು, ಅಡುಗೆಮನೆಯಿತ್ತು, ಅಡಿಯಲ್ಲಿ ಲಾಟೀನು ತೂಗುತ್ತಿತ್ತು, ಪಕ್ಕದಲ್ಲಿ ಕೀಲೆಣ್ಣೆಯ ಗೊಟ್ಟ ನೇತಾಡುತ್ತಿತ್ತು. ಗಾಡಿ ಹೊಡೆಯುವವನಿಗೆ ಹೊರಡುವ ಮೊದಲೇ ಒಂದು ವಿಷಯ ಖಚಿತವಾಗಿ ಗೊತ್ತಿರುತ್ತಿತ್ತು, ಇವತ್ತು ಎತ್ತು ಬಿಚ್ಚುವುದು ಎಲ್ಲಿ ಅಂತ. ನೆರಳು, ಕೆರೆ, ಮೇವು, ಕಳ್ಳರ ಕಾಟವಿಲ್ಲದ ಊರು, ಇಷ್ಟೂ ಲೆಕ್ಕ ಹಾಕಿಯೇ ಅವನು ನೊಗ ಹೂಡುತ್ತಿದ್ದದ್ದು. ಇವತ್ತಿನ ಮೋಟರ್‌ಹೋಮಿನವರಿಗೆ ಓಡಿಸುವುದು ಚೆನ್ನಾಗಿ ಬರುತ್ತದೆ. ಬಿಚ್ಚುವುದು ಬರುವುದಿಲ್ಲ ಅನ್ನುವುದೇ ನನ್ನ ತಕರಾರು.

ನಡುವಿನ ಕಾಲದಲ್ಲಿ ಟಿಟಿ ಬಂತು. ಬಜಾಜ್ ಟೆಂಪೊ ಕಂಪನಿ 1987ರಲ್ಲಿ ತಂದ ಟ್ರಾವೆಲರ್ ನಮ್ಮ ಬಾಯಲ್ಲಿ ಟಿಟಿಯಾಗಿ, ಧರ್ಮಸ್ಥಳ, ಶೃಂಗೇರಿ, ಹೊರನಾಡು ಸುತ್ತುವ ಕುಟುಂಬಗಳ ಸಂಸಾರರಥವಾಯಿತು. ಹಿಂದಿನ ಸೀಟಿನಡಿ ಸ್ಟವ್ವು, ಪುಳಿಯೋಗರೆ ಗೊಜ್ಜಿನ ಡಬ್ಬಿ, ಚಿತ್ರಾನ್ನಕ್ಕೆ ಹೆಚ್ಚಿಟ್ಟ ಹಸಿಮೆಣಸಿನಕಾಯಿ. ಹೊಂಗೆಮರ ಕಂಡಲ್ಲಿ ಚಾಪೆ ಹಾಸಿ ಊಟ. ಈಗ ಮೋಟರ್‌ಹೋಮ್ ಮಾಡಿಸುವವರಲ್ಲಿ ಬಹಳ ಮಂದಿ ಅದೇ ಟಿಟಿಯ ಸೀಟು ಕಿತ್ತು ಮಂಚ ಕೂರಿಸುತ್ತಾರೆ. ನನ್ನ ಮತವೂ ಅದೇ ಅಳತೆಗೆ. ಬಸ್ಸಿನಷ್ಟು ದೊಡ್ಡದು ಮಾಡಿಸಿಕೊಂಡು ಬೇಲೂರಿನ ಪೇಟೆಬೀದಿಯಲ್ಲಿ ಎದುರಿಗೆ ಕೊಬ್ಬರಿ ಲಾರಿ ಬಂದರೆ ಹಿಂದಕ್ಕೆ ತೆಗೆಯುವವರು ಯಾರು? ಇನ್ನೊಂದು ಅನುಕೂಲವಿದೆ. ಒಟ್ಟು ತೂಕ 7,500 ಕೆಜಿ ದಾಟದಿದ್ದರೆ ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸೇ ಸಾಕು. ಬಾಡಿಗೆಯ ಹಳದಿ ಬೋರ್ಡಿನ ಗಾಡಿಗೂ ಈ ಮಿತಿಯೊಳಗೆ ಅಷ್ಟೇ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಸೀಟು ಕಿತ್ತ ಸಂಗತಿ ಆರ್‌ಟಿಒಗೆ ತಿಳಿಸಿ, ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಬರೆಸದಿದ್ದರೆ ನಿತ್ಯದ ಓಡಾಟದಲ್ಲಿ ಯಾರೂ ಕೇಳುವುದಿಲ್ಲ, ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ಅದನ್ನೇ.

ಇನ್ನು ಬೇಲೂರಿನ ದಾರಿ. ತುಮಕೂರು, ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು. ಎಲ್ಲ ರಾಷ್ಟ್ರೀಯ ಹೆದ್ದಾರಿ 73ರ ಮೇಲೆಯೇ, ಮುಂದೆ ಅದು ಚಾರ್ಮಾಡಿ ಇಳಿದು ಮಂಗಳೂರು ಸೇರುತ್ತದೆ. ತಿಪಟೂರು ಬಂತೆಂದರೆ ತೆಂಗಿನ ಸೀಮೆ. ಇಲ್ಲಿ ಮೋಟರ್‌ಹೋಮಿನವರು ಪಾಲಿಸಬೇಕಾದ ನಿಯಮ ಯಾವ ಕಂಪನಿಯ ಕೈಪಿಡಿಯಲ್ಲೂ ಇಲ್ಲ: ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ. ಚಾವಣಿಯ ಮೇಲೆ ಹಾಸಿದ ಸೋಲಾರ್ ಗಾಜಿಗೆ ಬಲಿತ ಕಾಯೊಂದು ಸಾಕು. ಕಾಯಿ ತಪ್ಪಿದರೆ ಗರಿ, ಗರಿ ತಪ್ಪಿದರೆ ಕುರುಂಬಾಳೆ. ಹಾಗಂತ ಬಯಲಲ್ಲಿ ನಿಲ್ಲಿಸಿದರೆ ಸೋಲಾರಿಗೆ ಹಬ್ಬ, ಒಳಗೆ ಕೂತವರಿಗೆ ಬೇಗೆ. ಹುಣಸೆ ಮರದಡಿ ನಿಲ್ಲಿಸಿದರೆ ಮನುಷ್ಯರಿಗೆ ಸುಖ, ಬ್ಯಾಟರಿಗೆ ಉಪವಾಸ. ನೆರಳು ಒಳಗಿನವರಿಗೆ ಬೇಕು, ಬಿಸಿಲು ಮೇಲಿನದಕ್ಕೆ ಬೇಕು. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಗಾಡಿ ಬಿಸಿಲಿನಲ್ಲಿರಲಿ, ನೀವು ಹೊರಗೆ ದೇವಸ್ಥಾನ ನೋಡುತ್ತಿರಿ. ಮಧ್ಯಾಹ್ನದ ನಿದ್ದೆಗೆ ನೆರಳಿಗೆ ತನ್ನಿ.

ಬ್ಯಾಟರಿಯ ವಿಷಯದಲ್ಲಿ ನಮ್ಮವರಿಗೆ ಮನೆಯ ಯುಪಿಎಸ್ಸಿನ ಅನುಭವ ಬೇಕಾದಷ್ಟಿದೆ, ಗಾಡಿ ಹತ್ತಿದ ಕೂಡಲೇ ಅದು ಮರೆತುಹೋಗುತ್ತದೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು ಕಾಗದದ ಮೇಲೆ 1,200 ವ್ಯಾಟ್-ಅವರ್. ಸಾವಿರ ವ್ಯಾಟಿನ ಏಸಿ ಹಾಕಿದರೆ ಗಂಟೆ ಕಳೆಯುವುದರೊಳಗೆ ಮುಕ್ಕಾಲು ಪಾಲು ಮುಗಿಯಿತು. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಲೂ ಬಾರದು, ಇಳಿಸುತ್ತ ಹೋದರೆ ಆಯಸ್ಸು ಕರಗುತ್ತದೆ. ಫ್ಯಾನು, ದೀಪ, ಸಣ್ಣ ಫ್ರಿಜ್ಜು, ಮೊಬೈಲು, ಇಷ್ಟಕ್ಕೆ ತೃಪ್ತಿಪಟ್ಟರೆ ರಾತ್ರಿ ದಾಟುತ್ತದೆ. ಇಂಜಿನ್ನಿನ ಬ್ಯಾಟರಿಯೇ ಬೇರೆ, ಮನೆಯ ಬ್ಯಾಟರಿಯೇ ಬೇರೆ ಇರಲಿ. ಒಂದೇ ಇಟ್ಟುಕೊಂಡು ಫ್ಯಾನು ಹಾಕಿ ಮಲಗಿದವರು ಬೆಳಿಗ್ಗೆ ಎದ್ದು ಊರ ಹುಡುಗರ ಕೈಲಿ ಗಾಡಿ ತಳ್ಳಿಸುತ್ತಾರೆ.

ನಿಲ್ಲುವುದೆಲ್ಲಿ ಅನ್ನುವುದಕ್ಕೆ ಬರುತ್ತೇನೆ. ಹೊರದೇಶದಲ್ಲಿ ಇದಕ್ಕೆಂದೇ ತಂಗುದಾಣಗಳಿವೆ, ನೀರಿನ ನಲ್ಲಿ, ಕರೆಂಟಿನ ಪ್ಲಗ್ಗು, ಕೊಳೆನೀರಿನ ಗುಂಡಿ ಎಲ್ಲ ಸಾಲಾಗಿ ಸಿಗುತ್ತವೆ. ನಮ್ಮಲ್ಲಿ ಅಷ್ಟೇ ಸೌಕರ್ಯದ ಜಾಗ ಪ್ರತಿ ಊರಲ್ಲೂ ಇದೆ, ಯಾರ ಕಣ್ಣಿಗೂ ಬಿದ್ದಿಲ್ಲ. ಕಲ್ಯಾಣಮಂಟಪ! ವಿಶಾಲವಾದ ಅಂಗಳ, ಬೋರ್‌ವೆಲ್ಲು, ಸಾಲು ಕಕ್ಕಸು, ಗೇಟು, ಕಾವಲುಗಾರ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲದೆ ಅಂಗಳ ಬಣಗುಡುತ್ತಿರುತ್ತದೆ. ಮ್ಯಾನೇಜರ್ ಹತ್ತಿರ ಹೋಗಿ 'ಒಂದು ರಾತ್ರಿ ಗಾಡಿ ನಿಲ್ಲಿಸ್ಕೊಳ್ಳೋದಾ ಯಜಮಾನ್ರೇ, ಏನು ಕೊಡ್ಬೇಕು ಹೇಳಿ' ಅಂದರೆ ಅನುಮಾನದಿಂದ ನೋಡಿ, ಒಳಗೆ ಹೆಂಗಸರಿದ್ದಾರೆ ಅಂತ ಖಾತ್ರಿಯಾದ ಮೇಲೆ ಒಪ್ಪುತ್ತಾರೆ. ಅದಾಗದಿದ್ದರೆ ಪ್ರವಾಸೋದ್ಯಮ ನಿಗಮದ ಹೋಟೆಲುಗಳಿವೆ, ಹಳೇಬೀಡಿನಲ್ಲಿ ಮಯೂರ ಶಾಂತಲಾ, ಬೇಲೂರಿನಲ್ಲಿ ಮಯೂರ ವೇಲಾಪುರಿ. ಕೇಳಿ ನೋಡಬಹುದು, ರಾತ್ರಿಯ ಊಟ ಅಲ್ಲೇ ಮಾಡುತ್ತೇವೆಂದು ಮೊದಲೇ ಹೇಳಿದರೆ ಮಾತು ಬೇಗ ಕುದುರುತ್ತದೆ. ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕು ಕೊನೆಯ ಆಯ್ಕೆ. ರಾತ್ರಿಯಿಡೀ ಲಾರಿಗಳ ಹಾರ್ನು, ಆದರೂ ದೀಪ ಉರಿಯುತ್ತಿರುತ್ತದೆ, ಜನ ಇರುತ್ತಾರೆ.

ನೀರು. ನೂರು ಲೀಟರಿನ ಟ್ಯಾಂಕು ತುಂಬಿಸಿದರೆ ನೂರು ಕೆಜಿ ಹೆಚ್ಚು ಹೊತ್ತುಕೊಂಡು ಓಡಿದಂತೆ. ಅರಸೀಕೆರೆ ಬಯಲುಸೀಮೆ. ಗಡುಸು ನೀರಿನ ಬೋರು ಸಿಕ್ಕಿದರೆ ಗೀಸರಿನ ಕಾಯಿಲಿಗೂ ಪಂಪಿನ ಜಾಲರಿಗೂ ಸುಣ್ಣ ಕಟ್ಟುತ್ತದೆ. ಕೈಕಾಲು ತೊಳೆಯಲು ಅದು ಸಾಕು. ಕುಡಿಯಲು, ಅಡುಗೆಗೆ ಊರೂರಿನ ಶುದ್ಧ ನೀರಿನ ಘಟಕ ಇದ್ದೇ ಇದೆ, ನಾಣ್ಯ ಹಾಕಿ 20 ಲೀಟರಿನ ಕ್ಯಾನು ಹಿಡಿದರೆ ಆಯಿತು. ಸಾಲಿನಲ್ಲಿ ನಿಂತಿದ್ದರೆ ಊರಿನ ಸುದ್ದಿಯೆಲ್ಲ ಪುಕ್ಕಟೆ. ಈ ಸಾರಿಯ ಕೊಬ್ಬರಿ ರೇಟು, ಹಾರನಹಳ್ಳಿ ಕೋಡಿಮಠದ ಸ್ವಾಮಿಗಳು ಹೇಳಿದ ಭವಿಷ್ಯ, ಮಳೆ ಯಾವಾಗ ಬರುತ್ತೆ, ಎಲ್ಲ ಅಲ್ಲೇ.

ಇನ್ನು ಆ ಮೂರನೆಯ ಪ್ರಶ್ನೆ. ಗಾಡಿಯ ಕಕ್ಕಸಿಗೆ ಸೂಟ್‌ಕೇಸಿನಂತೆ ಎಳೆದು ತೆಗೆಯುವ ಡಬ್ಬಿ ಇರುತ್ತದೆ, ಇಬ್ಬರೇ ಇದ್ದರೂ ಎರಡು ಮೂರು ದಿನಕ್ಕೆ ತುಂಬುತ್ತದೆ. ಅದನ್ನು ಖಾಲಿ ಮಾಡಬೇಕಾದ್ದು ಕಕ್ಕಸಿಗೇ. ಕೆರೆಯ ಕೋಡಿಗಲ್ಲ, ತೋಟದ ಬದುವಿಗೂ ಅಲ್ಲ. ಮಂಟಪದಲ್ಲೋ ಹೋಟೆಲಿನಲ್ಲೋ ಕೇಳಿ, ಕಾಸು ಕೊಟ್ಟು, ಒಂದು ಬಕೆಟ್ ನೀರು ಹೆಚ್ಚಿಗೆ ಸುರಿದು ಬನ್ನಿ. ವಾಸನೆ ತಡೆಯಲು ಹಾಕುವ ರಾಸಾಯನಿಕದಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅವರ ಪಿಟ್ಟಿನಲ್ಲಿ ಕೊಳೆ ಕರಗಿಸುವ ಜೀವಾಣುಗಳು ಸಾಯುತ್ತವೆ, ಅದಿಲ್ಲದ್ದನ್ನೇ ಕೊಳ್ಳಿ. ಹಳೇಬೀಡಿನ ದ್ವಾರಸಮುದ್ರ ಕೆರೆಯಲ್ಲಿ ಗಾಡಿ ತೊಳೆಯುವ ಉತ್ಸಾಹವೂ ಬೇಡ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ, ಹಳೇಬೀಡಿನ ಕೆರೆಯ ಏರಿಯ ಮೇಲೆ ಬಟ್ಟೆ ಒಣಗಹಾಕುವುದಕ್ಕೆ ಸೇರಿದ್ದಲ್ಲ.

ಗ್ಯಾಸಿನ ಬಗ್ಗೆ ತಮಾಷೆಯಿಲ್ಲದೆ ಹೇಳುತ್ತೇನೆ. 2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೆ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ರೈಲು ಬೋಗಿಗೆ ಬೆಂಕಿ ಬಿತ್ತು. ಒಳಗೆ ಕದ್ದುಮುಚ್ಚಿ ಒಯ್ದ ಸಿಲಿಂಡರಿನಲ್ಲಿ ಟೀ ಕಾಯಿಸಲು ಹೊರಟಿದ್ದರು, ಒಂಬತ್ತು ಜನ ಹೋದರು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲಕ್ಕೆ ಇಳಿದು ಮಂಚದಡಿ, ಮೂಲೆಯಲ್ಲಿ ಕೂರುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿಗೆ ತಳದಲ್ಲಿ, ಹೊರಗೆ ತೆರೆಯುವ ಕಿಂಡಿ ಇರಲೇಬೇಕು. ಐದು ಕೆಜಿಯ ಸಣ್ಣ ಸಿಲಿಂಡರ್ ಸಾಕು, ಪಟ್ಟಿ ಹಾಕಿ ಬಿಗಿದಿರಲಿ, ಗಾಡಿ ಓಡುವಾಗ ರೆಗ್ಯುಲೇಟರ್ ಆಫ್ ಆಗಿರಲಿ. ನಮ್ಮ ರಸ್ತೆಯ ಹಂಪುಗಳಲ್ಲಿ ಪೈಪಿನ ಕೊಂಡಿಗಳು ಸಡಿಲವಾಗುತ್ತಲೇ ಇರುತ್ತವೆ. ವಾರಕ್ಕೊಮ್ಮೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಎದ್ದರೆ ಅಲ್ಲೇ ಸೋರಿಕೆ.

ಹೀಗೆ ಮೈಗೆ ಹಚ್ಚಿ ನೋಡಿ ತಪ್ಪು ಹಿಡಿಯುವ ವಿದ್ಯೆ ಬೇಲೂರಿನವರಿಗೆ ಹಳೆಯದು. ಜಕಣಾಚಾರಿ ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಹುಡುಗನೊಬ್ಬ ಹೇಳಿದ, ಮೈಗೆಲ್ಲ ಗಂಧ ಬಳಿದರು, ಎಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು, ಅಲ್ಲಿ ಒಡೆದರೆ ನೀರಿನ ಜೊತೆ ಕಪ್ಪೆ ಹೊರಬಂತು. ಆ ಹುಡುಗ ಅವನ ಮಗ ಡಂಕಣ ಅನ್ನುವುದು ಕತೆಯ ಮುಂದಿನ ಭಾಗ. ಕಪ್ಪೆ ಚೆನ್ನಿಗರಾಯನ ಈ ಕತೆಯಲ್ಲಿ ಇತಿಹಾಸಕಾರರಿಗೆ ನಂಬಿಕೆಯಿಲ್ಲ. ಮೋಟರ್‌ಹೋಮಿನವರು ನಂಬುವುದು ಒಳ್ಳೆಯದು. ಬಾಣಾವರದವರೆಗೆ ಒಣಹವೆ, ಬೇಲೂರು ಸಮೀಪಿಸಿದಂತೆ ಮಲೆನಾಡಿನ ಜಿಟಿಜಿಟಿ ಮಳೆ. ಚಾವಣಿಗೆ ಏಸಿ, ಸೋಲಾರು, ಗಾಳಿಕಿಂಡಿ ಅಂತ ಕೊರೆದ ಒಂದೊಂದು ತೂತಿನ ಸುತ್ತ ಹಚ್ಚಿದ ಅಂಟು ಬಿಸಿಲಿಗೆ ಬಿರಿದಿರುತ್ತದೆ. ನೀರು ಒಂದು ಕಡೆ ಒಳಗಿಳಿದು, ಪ್ಲೈವುಡ್ಡಿನ ಹಿಂದೆ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಮಳೆ ನಿಂತ ಮೇಲೆ ಒಳಗೋಡೆಗೆ ಅಂಗೈ ಒತ್ತಿ ನೋಡುತ್ತ ಬನ್ನಿ, ಎಲ್ಲ ಒಣಗಿ ಒಂದೇ ಕಡೆ ತಣ್ಣಗಿದ್ದರೆ ಕಪ್ಪೆ ಅಲ್ಲೇ ಇದೆ.

ಬೇಲೂರಿನದೇ ಇನ್ನೊಂದು ಐತಿಹ್ಯ ನನಗೆ ಇದಕ್ಕಿಂತ ಇಷ್ಟ. ಚೆನ್ನಕೇಶವನ ಮಡದಿ ಬಾಬಾಬುಡನ್ ಗಿರಿಯಲ್ಲಿ ಉಳಿದುಹೋದಳಂತೆ. ಸ್ವಾಮಿ ಆಗಾಗ ಅವಳನ್ನು ನೋಡಲು ಅಲ್ಲಿಗೆ ನಡೆದೇ ಹೋಗಿಬರುತ್ತಾನೆ. ಅದಕ್ಕೇ ಗುಡಿಯಲ್ಲಿ ಅವನಿಗೆ ದೊಡ್ಡ ಚಪ್ಪಲಿಗಳು. ಸವೆದಾಗ ಹೊಸ ಜೋಡು ಹೊಲಿದು ತಂದೊಪ್ಪಿಸುವ ಹಕ್ಕು ಚಪ್ಪಲಿ ಹೊಲಿಯುವ ಸಮುದಾಯದ್ದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರೇ ದೂರದ ಓಡಾಟಕ್ಕೆ ಸವೆದ ಚಪ್ಪಲಿ ಬದಲಿಸುತ್ತಾನೆ ಅಂದಮೇಲೆ, ನಾವು ಹತ್ತು ವರ್ಷದ ಟೈರಿನಲ್ಲಿ ಘಾಟಿ ಇಳಿಯುವುದು ಯಾವ ಧೈರ್ಯದ ಮೇಲೆ? ಮೋಟರ್‌ಹೋಮಿನ ಟೈರಿನ ಮೋಸವೇ ಬೇರೆ. ಗಾಡಿ ವರ್ಷದಲ್ಲಿ ಬಹುಪಾಲು ನಿಂತೇ ಇರುವುದರಿಂದ ಹಲ್ಲು ಸವೆಯುವುದಿಲ್ಲ, ನೋಡಿದರೆ ಹೊಸದೇ. ರಬ್ಬರು ಮಾತ್ರ ಒಳಗೊಳಗೇ ಒಣಗಿ ಗೋಡೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 3221 ಅಂತಿದ್ದರೆ 2021ರ 32ನೆಯ ವಾರದಲ್ಲಿ ಹುಟ್ಟಿದ್ದು. ಐದಾರು ವರ್ಷವಾದರೆ ಹಲ್ಲಿನ ಮುಖ ನೋಡದೆ ಬದಲಿಸಿ. ಗಾಳಿ ನೋಡುವುದು ಬೆಳಿಗ್ಗೆ ಹೊರಡುವ ಮುನ್ನ, ಟೈರು ತಣ್ಣಗಿದ್ದಾಗ. ಮನೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಆಗಾಗ ನಾಲ್ಕು ಅಡಿ ಮುಂದೆ ಹಿಂದೆ ಉರುಳಿಸಿ, ಒಂದೇ ಜಾಗ ಒತ್ತಿ ಚಪ್ಪಟೆಯಾಗದಿರಲಿ.

ಗಾಡಿಯ ಎತ್ತರವನ್ನೂ ಅಳೆದು ಸ್ಟೇರಿಂಗಿನ ಮುಂದೆ ಬರೆದು ಅಂಟಿಸಿ. ಅರಸೀಕೆರೆ ರೈಲ್ವೆ ಜಂಕ್ಷನ್ನು, ಸುತ್ತ ಎಲ್ಲಿ ಹೋದರೂ ಹಳಿ ದಾಟಬೇಕು, ರೈಲ್ವೆಯವರ ತಗ್ಗಿನ ಅಂಡರ್‌ಪಾಸುಗಳಿಗೆ ನಿಮ್ಮ ಚಾವಣಿಯ ಏಸಿ ಲೆಕ್ಕಕ್ಕಿಲ್ಲ.

ಅರಸೀಕೆರೆಯಲ್ಲಿ ಅವಸರ ಮಾಡಬೇಡಿ ಅನ್ನುವುದು ನನ್ನ ಬಹುದಿನದ ಬೇಡಿಕೆ. ಎಲ್ಲರೂ ಟೀ ಕುಡಿದು ಮುಂದಕ್ಕೆ ಹೋಗುತ್ತಾರೆ. ಊರೊಳಗೆ 1220ರ ಸುಮಾರಿನ ಶಿವಾಲಯವಿದೆ. ಅದರ ಮುಂದಿನ ತೆರೆದ ಮಂಟಪ ಹದಿನಾರು ಮೊನೆಯ ನಕ್ಷತ್ರಾಕಾರ, ಒಳಗೆ ಕೂತು ಮೇಲೆ ನೋಡಿದರೆ ಕಲ್ಲಿನ ಗುಮ್ಮಟ. ಬೇಲೂರಿನ ನೂಕುನುಗ್ಗಲಿಲ್ಲ. ಗಾಡಿ ದೊಡ್ಡ ರಸ್ತೆಯಲ್ಲಿ ಬಿಟ್ಟು ಆಟೊ ಹಿಡಿಯಿರಿ. ಹಳೇಬೀಡಿನಿಂದ ಬೇಲೂರಿಗೂ ಹಾಗೇ, 16 ಕಿಲೋಮೀಟರು, ಬಸ್ಸುಗಳಿವೆ. ಮನೆಯನ್ನು ಒಂದೇ ಕಡೆ ಬಿಚ್ಚಿಟ್ಟು ಎರಡೂ ಊರು ನೋಡಬಹುದು. ಚೈತ್ರದ ತೇರಿನ ಸಮಯದಲ್ಲಂತೂ ಬೇಲೂರಿನೊಳಗೆ ನಿಮ್ಮ ರಥ ನುಗ್ಗಿಸಬೇಡಿ, ದೇವರ ರಥಕ್ಕೇ ಜಾಗ ಸಾಲದು.

ಬೇಲೂರು ದಾಟಿ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿಯುವವರು ಮಳೆಗಾಲದಲ್ಲಿ ಮೊದಲು ವಿಚಾರಿಸಿ. ಗುಡ್ಡ ಕುಸಿದರೆ ದಾರಿ ಮುಚ್ಚುತ್ತದೆ, ಭಾರಿ ಗಾಡಿಗಳಿಗೆ ನಿರ್ಬಂಧ ಬೀಳುತ್ತದೆ. ನೀರಿನ ಟ್ಯಾಂಕು ಮೇಲೇ ಖಾಲಿ ಮಾಡಿ ಇಳಿಯಿರಿ, ಕೆಳಗೆ ಉಜಿರೆಯಲ್ಲಿ ನೀರಿಗೇನು ಬರ? ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕೆನ್ನುವುದು ಹಳೆಯ ಡ್ರೈವರುಗಳ ಮಾತು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕು ಹಿಡಿಯುವುದಿಲ್ಲ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ, ಬಿಸಿ ಡ್ರಮ್ಮಿಗೆ ನೀರು ಎರಚಬೇಡಿ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬದೆ ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲು ಎತ್ತಿ ಪಕ್ಕಕ್ಕೆ ಹಾಕಿ ಹೋಗಿ, ಹಿಂದೆ ಬೈಕಿನವನು ಬರುತ್ತಿರುತ್ತಾನೆ.