ಘಾಟಿಯಲ್ಲಿ ಒಂದು ನಿಮಿಷ

ವೇಗದ ಮುಳ್ಳು ಏರುತ್ತಿತ್ತು. ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನಲ್ಲಿ ನಿಲ್ಲಬೇಕಾಗಿದ್ದ ಮುಳ್ಳು. ಚಾಲಕ ಗಾಳಿ ಬ್ರೇಕನ್ನು ಇನ್ನೊಂದಿಷ್ಟು ಹಾಕಿದ. ಮುಳ್ಳು ಜಗ್ಗಲಿಲ್ಲ. ಮತ್ತೊಂದಿಷ್ಟು ಹಾಕಿದ. ಊಹೂಂ. ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರೆ ವ್ಯಾಗನ್ನುಗಳ ಚಕ್ರಗಳಿಂದ ಹೊಗೆ.

1989ರ ಮೇ 12, ಬೆಳಗ್ಗೆ ಏಳೂವರೆಯ ಹೊತ್ತು. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ. ಸದರ್ನ್ ಪೆಸಿಫಿಕ್ ಕಂಪನಿಯ ಗೂಡ್ಸ್ ಗಾಡಿ ಸೋಡಾ ತಯಾರಿಕೆಯ ಖನಿಜ ಟ್ರೋನಾ ತುಂಬಿಕೊಂಡು ಬೆಟ್ಟ ಇಳಿಯುತ್ತಿದೆ. 69 ವ್ಯಾಗನ್, ಮುಂದೆ ನಾಲ್ಕು ಎಂಜಿನ್, ಹಿಂದೆ ಸಹಾಯಕ್ಕೆ ಎರಡು. ಇಳಿಜಾರು 45ಕ್ಕೆ 1. ಕೆಳಗೆ ಸ್ಯಾನ್ ಬರ್ನಾರ್ಡಿನೊ ಪಟ್ಟಣ. ಹಳಿ ಅಲ್ಲಿ ತಿರುಗುವ ಕಡೆ ಡಫಿ ಸ್ಟ್ರೀಟ್ ಎಂಬ ಬೀದಿ. ಜನ ಆಗತಾನೇ ಎದ್ದಿದ್ದಾರೆ.

ಚಾಲಕನ ಕೈಯಲ್ಲಿದ್ದ ಕಾಗದದ ಪ್ರಕಾರ ಗಾಡಿಯ ತೂಕ ಸುಮಾರು 6,100 ಟನ್. ಗುಮಾಸ್ತನೊಬ್ಬ ಅಂದಾಜಿನ ಮೇಲೆ ವ್ಯಾಗನ್ನಿಗೆ 60 ಟನ್ ಸರಕು ಎಂದು ಬರೆದಿದ್ದ. ಒಳಗಿದ್ದದ್ದು 100 ಟನ್. ಒಟ್ಟು ತೂಕ 8,900 ಟನ್ನಿನ ಸಮೀಪ. ಆರು ಎಂಜಿನ್ನುಗಳ ಮೋಟರುಗಳೇ ಹಿಡಿಯುವ ಎಲೆಕ್ಟ್ರಿಕ್ ಬ್ರೇಕೂ ನೆಟ್ಟಗಿದ್ದಿದ್ದರೆ ಹೇಗೋ ನಿಭಾಯಿಸಬಹುದಿತ್ತೇನೋ. ಮುಂದಿನ ನಾಲ್ಕರಲ್ಲೇ ಕೆಲವು ಕೆಲಸ ಮಾಡುತ್ತಿರಲಿಲ್ಲ. ಹಿಂದಿನ ಎರಡರಲ್ಲಿ ಒಂದರದ್ದು ಕೆಟ್ಟಿತ್ತು. ಅದು ಹಿಂದಿನ ಚಾಲಕನಿಗೆ ಗೊತ್ತಿತ್ತು, ಮುಂದಿನವನಿಗೆ ಗೊತ್ತಿರಲಿಲ್ಲ.

ವೇಗ ಕೈಮೀರಿತು. ಹಿಂದಿನ ಎಂಜಿನ್ನಿನ ಚಾಲಕ ಗಾಳಿ ಬ್ರೇಕಿನ ಎಮರ್ಜೆನ್ಸಿ ಎಳೆದ. ಯಾರಾದರೂ ಅದನ್ನೇ ಮಾಡುತ್ತಿದ್ದರು. ಆ ಕ್ಷಣದಿಂದಲೇ ಗಾಡಿ ಪೂರ್ತಿ ಬಿಚ್ಚಿಕೊಂಡು ಓಡಿತು. ಯಾಕೆಂದರೆ ಎಮರ್ಜೆನ್ಸಿ ಬಿದ್ದೊಡನೆ ಎಲೆಕ್ಟ್ರಿಕ್ ಬ್ರೇಕು ತಾನಾಗಿ ಕಡಿದುಹೋಗುವಂತೆ ಆ ಎಂಜಿನ್ನುಗಳನ್ನು ಕಟ್ಟಿದ್ದರು. ಎರಡೂ ಬ್ರೇಕು ಒಟ್ಟಿಗೆ ಹಿಡಿದರೆ ಚಕ್ರ ಕಟ್ಟಿಕೊಂಡು ಹಳಿಯ ಮೇಲೆ ಜಾರೀತು ಎಂಬ ಮುನ್ನೆಚ್ಚರಿಕೆ ಅದು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಉಳಿದದ್ದು ಗಾಳಿ ಬ್ರೇಕು. ಅದರ ಬ್ಲಾಕುಗಳು ಆಗಲೇ ಕಾದು ಕರಗುತ್ತಿದ್ದವು.

ಗಾಡಿ ಇನ್ನೂ ಓಡುತ್ತಿದೆ. ಅಷ್ಟರಲ್ಲಿ ಸೋಸಲೆಗೆ ಬಂದು ಹೋಗೋಣ.

ತಿರುಮಕೂಡಲು ನರಸೀಪುರದ ಪಕ್ಕದ ನಮ್ಮ ಸೋಸಲೆಗೆ ರೈಲಿಲ್ಲ. ರೈಲು ಹತ್ತಬೇಕಾದರೆ ನಂಜನಗೂಡಿಗೋ ಮೈಸೂರಿಗೋ ಹೋಗಬೇಕು. ಎರಡೂ ಕಡೆ ನೆಲ ಬಹುಪಾಲು ಮಟ್ಟಸ. ಹಾಗಾಗಿ ರೈಲು ಜಾರಿ ಓಡುವ ಭಯ ನಮ್ಮ ಸೀಮೆಯವರ ತಲೆಗೆ ಹೊಳೆಯುವುದೇ ಇಲ್ಲ. ಸಕಲೇಶಪುರದ ಘಾಟಿಗೂ ಕರೆಂಟಿನ ತಂತಿ ಬಂತು ಎಂಬ ಮಾತು ಟೀ ಅಂಗಡಿಯಲ್ಲಿ ಬಂದಾಗ ಊರ ಹಿರಿಯರೊಬ್ಬರು ಕೇಳಿದರು: 'ಕರೆಂಟು ಹೋದ್ರೆ ರೈಲು ನಿಂತ್ಕೊಳ್ತದೆ ಕಣಪ್ಪ. ಬ್ರೇಕ್ ಹೋಗಿ ಓಡೋಯ್ತದೆ ಅಂತೀಯಲ್ಲ, ಅದೆಂಗೆ?'

ಪ್ರಶ್ನೆ ಸರಿಯಾಗಿಯೇ ಇತ್ತು. ಇಡೀ ಕಥೆಯ ಗಂಟು ಅಲ್ಲೇ ಇದೆ.

ನಮ್ಮ ಕಾವೇರಿ ಇಲ್ಲಿಂದ ಹರಿದು ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಆ ಬೀಳುವಿಕೆಯಿಂದಲೇ 1902ರಲ್ಲಿ ಕರೆಂಟು ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಎತ್ತರದಿಂದ ಇಳಿಯುವ ರೈಲಿನದೂ ಅದೇ ಲೆಕ್ಕ. ಏರುವಾಗ ಚಕ್ರ ತಿರುಗಿಸಿದ ಮೋಟರೇ ಇಳಿಯುವಾಗ ಜನರೇಟರ್ ಆಗುತ್ತದೆ. ಚಕ್ರ ಅದನ್ನು ತಿರುಗಿಸಬೇಕು. ತಿರುಗಿಸಲು ಬಲ ಬೇಕು. ಆ ಬಲ ಗಾಡಿಯ ಓಟದಿಂದಲೇ ಕಡಿತ. ಹುಟ್ಟಿದ ಕರೆಂಟು, ಎಂಜಿನ್ನಿನ ನೆತ್ತಿಯಿಂದ ತಂತಿಗೆ ತಾಗಿ ನಿಲ್ಲುವ ಪ್ಯಾಂಟೋಗ್ರಾಫ್ ಮೂಲಕ, ಮೇಲಿನ ತಂತಿಗೆ ವಾಪಸು. ರೀಜನರೇಟಿವ್ ಬ್ರೇಕ್ ಎಂದರೆ ಇಷ್ಟೇ.

3,000 ಟನ್ನಿನ ಗಾಡಿಯೊಂದು ಮುಕ್ಕಾಲು ಕಿಲೋಮೀಟರ್ ಎತ್ತರದಿಂದ ಇಳಿದರೆ ಅದು ಕಳಚಿಕೊಳ್ಳಬೇಕಾದ ಶಕ್ತಿ ಆರು ಸಾವಿರ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಅರವತ್ತು ಮನೆಗಳ ಒಂದು ತಿಂಗಳ ಕರೆಂಟು, ಒಂದೇ ಇಳಿತದಲ್ಲಿ. ಗಾಳಿಗೆ, ಹಳಿಗೆ ಕಳೆದದ್ದು ಬಿಟ್ಟು ಉಳಿದದ್ದು ತಂತಿಗೆ ಹೋಗಬೇಕು, ಇಲ್ಲವೇ ಬ್ರೇಕ್ ಬ್ಲಾಕಿನ ಬೆಂಕಿಯಾಗಬೇಕು. ಮೂರನೆಯ ದಾರಿ ವೇಗ. ಕಹೋನ್ ಕಣಿವೆಯಲ್ಲಿ ಆದದ್ದು ಈ ಮೂರನೆಯದು.

ಅಲ್ಲಿ ಮುಳ್ಳು ನೂರು ದಾಟಿತು. ನೂರೈವತ್ತು ದಾಟಿತು. ಎಂಜಿನ್ನಿನಲ್ಲಿದ್ದವರಿಗೆ ಮಾಡಲು ಏನೂ ಉಳಿದಿರಲಿಲ್ಲ. ಡಫಿ ಸ್ಟ್ರೀಟಿನ ತಿರುವಿಗೆ ಗಾಡಿ ಬಂದಾಗ ವೇಗ ಗಂಟೆಗೆ ಸುಮಾರು 177 ಕಿಲೋಮೀಟರ್. ಆ ತಿರುವಿಗೆ ಇದ್ದ ಮಿತಿಯ ಹೆಚ್ಚುಕಡಿಮೆ ಮೂರು ಪಟ್ಟು. ಎಂಜಿನ್ನುಗಳು, ವ್ಯಾಗನ್ನುಗಳು, ಸಾವಿರಾರು ಟನ್ ಟ್ರೋನಾ ಎಲ್ಲವೂ ಹಳಿ ಬಿಟ್ಟು ಮನೆಗಳ ಮೇಲೆ ಎರಗಿದವು. ರೈಲಿನ ಇಬ್ಬರು ಸಿಬ್ಬಂದಿ ಸತ್ತರು. ಮನೆಯೊಳಗಿದ್ದ ಇಬ್ಬರು ಪುಟ್ಟ ಹುಡುಗರು ಸತ್ತರು. ಮುಂದಿನ ಎಂಜಿನ್ನಿನ ಚಾಲಕ, ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ಬದುಕಿಕೊಂಡ. ಹಿಂದಿನವನೂ ಬದುಕಿದ. ಸಾವು ಅಲ್ಲಿಗೆ ಮುಗಿಯಲಿಲ್ಲ. ಹಳಿಯ ಪಕ್ಕ ಹೂತಿದ್ದ ಪೆಟ್ರೋಲಿಯಂ ಪೈಪು, ಅಪಘಾತವೋ ಆಮೇಲಿನ ತೆರವು ಕೆಲಸವೋ ಮಾಡಿದ ಗಾಯದಿಂದ, ಹದಿಮೂರನೆಯ ದಿನ ಒಡೆದು ಹೊತ್ತಿಕೊಂಡಿತು. ಇನ್ನಿಬ್ಬರು ಹೋದರು; ಮತ್ತಷ್ಟು ಮನೆಗಳು ಸುಟ್ಟವು.

ಕಹೋನಿನ ಗಾಡಿಯವು ಡೀಸೆಲ್ ಎಂಜಿನ್ನುಗಳು. ಬ್ರೇಕಿನ ಕರೆಂಟು ತಂತಿಗೆ ಹೋಗುತ್ತಿರಲಿಲ್ಲ. ಎಂಜಿನ್ನಿನ ನೆತ್ತಿಯ ಮೇಲಿನ ರೆಸಿಸ್ಟರ್ ಗ್ರಿಡ್ಡಿನಲ್ಲಿ ಕಾವಾಗಿ ಗಾಳಿಗೆ ಹೋಗುತ್ತಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಡೀಸೆಲ್ ಎಂಜಿನ್ ತನ್ನ ಕರೆಂಟನ್ನು ಸುಡುವ ಒಲೆಯನ್ನು ತಾನೇ ಹೊತ್ತು ತಿರುಗುತ್ತದೆ. ನಮ್ಮ ವಿದ್ಯುತ್ ಗೂಡ್ಸ್ ಎಂಜಿನ್ ಡಬ್ಲ್ಯೂಎಜಿ-9 ಹಾಗಲ್ಲ. ಅದರ ಎಲೆಕ್ಟ್ರಿಕ್ ಬ್ರೇಕಿಗೆ ಇರುವ ಹೊರದಾರಿ ಒಂದೇ, ತಲೆಯ ಮೇಲಿನ 25,000 ವೋಲ್ಟಿನ ತಂತಿ.

ಈಗ ಸಕಲೇಶಪುರ. ಹಳಿ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಹಾದು ಸುಬ್ರಹ್ಮಣ್ಯ ರೋಡ್ ತಲುಪುತ್ತದೆ. 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರ ಇಳಿಜಾರು. ಇದಕ್ಕಿಂತ ಕಡಿದಾದದ್ದು ಉತ್ತರ ಕನ್ನಡದ ಕ್ಯಾಸಲ್ ರಾಕಿನಿಂದ ಗೋವೆಯ ಕುಳೆಗೆ ಇಳಿಯುವ ಬ್ರಗಾಂಜಾ ಘಾಟಿ, 37ಕ್ಕೆ 1. ಕಹೋನಿನ 45 ಈ ಎರಡರ ನಡುವೆ ಬೀಳುತ್ತದೆ. ಅಂದರೆ ಅಮೆರಿಕದ ಆ ಬೆಳಗು ನಮಗೆ ದೂರದ್ದಲ್ಲ.

ಆಷಾಢದ ರಾತ್ರಿ ಎಂದುಕೊಳ್ಳಿ. 3,000 ಟನ್ನಿನ ಅದೇ ಗಾಡಿ ಮಂಗಳೂರಿನ ಕಡೆ ಇಳಿಯುತ್ತಿದೆ, ಗಂಟೆಗೆ 30 ಕಿಲೋಮೀಟರ್. ಈ ಇಳಿಜಾರು ಅದನ್ನು ಕೆಳಕ್ಕೆ ಎಳೆಯುವ ಬಲ 588 ಕಿಲೋನ್ಯೂಟನ್. ಒಂದು ಡಬ್ಲ್ಯೂಎಜಿ-9ರ ಎಲೆಕ್ಟ್ರಿಕ್ ಬ್ರೇಕು ಹೆಚ್ಚೆಂದರೆ 260 ಕಿಲೋನ್ಯೂಟನ್ ಹಿಡಿಯುತ್ತದೆ. ಆದ್ದರಿಂದ ಎರಡು ಎಂಜಿನ್ ಇರಲಿ. ಉಳಿದದ್ದನ್ನು ತಿರುವಿನ ಘರ್ಷಣೆಯೂ ಗಾಳಿ ಬ್ರೇಕೂ ನೋಡಿಕೊಳ್ಳುತ್ತವೆ. ಬ್ಲಾಕುಗಳು ತಣ್ಣಗಿವೆ. ಎಲ್ಲ ಸಲೀಸು.

ಥಟ್ಟನೆ ಎಲ್ಲೋ ಮರವೊಂದು ತಂತಿಯ ಮೇಲೆ ಉರುಳುತ್ತದೆ. ಸಬ್‌ಸ್ಟೇಷನ್ ಟ್ರಿಪ್. ತಂತಿ ಸತ್ತಿದೆ, ಆದರೆ ಮೋಟರುಗಳು ಇನ್ನೂ ಕರೆಂಟು ಹುಟ್ಟಿಸುತ್ತಿವೆ. ಹೋಗಲು ಜಾಗವಿಲ್ಲ. ಎಂಜಿನ್ನಿನೊಳಗೆ ಮೋಟರಿನ ಕನ್ವರ್ಟರಿಗೂ ತಂತಿಯ ಕನ್ವರ್ಟರಿಗೂ ನಡುವೆ ಕೆಪಾಸಿಟರುಗಳ ಡಿಸಿ ಲಿಂಕ್ ಇದೆ. ಅದರ ವೋಲ್ಟೇಜು ಕಣ್ಣು ಮಿಟುಕಿಸುವ ಮೊದಲೇ ಚಿಮ್ಮುತ್ತದೆ. ಸುಮ್ಮನಿದ್ದರೆ ಸೆಮಿಕಂಡಕ್ಟರುಗಳು ಸಿಡಿಯುತ್ತವೆ. ಆದ್ದರಿಂದ ರಕ್ಷಣಾ ಸರ್ಕ್ಯೂಟು ಕೆಪಾಸಿಟರುಗಳನ್ನು ಖಾಲಿ ಮಾಡುತ್ತದೆ, ಕನ್ವರ್ಟರಿಗೆ ಕೆಲಸ ನಿಲ್ಲಿಸು ಎನ್ನುತ್ತದೆ, ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್ ತೆರೆದುಕೊಳ್ಳುತ್ತದೆ. ಯಂತ್ರ ಉಳಿಯಿತು. ಬ್ರೇಕು ಹೋಯಿತು.

ಅಲ್ಲಿಂದ ಒಂದು ನಿಮಿಷ. ಯಾವ ಬ್ರೇಕೂ ಹಿಡಿಯದೆ ಹೋದರೆ 30ರಲ್ಲಿದ್ದ ಗಾಡಿ ಆ ಒಂದು ನಿಮಿಷ ಮುಗಿಯುವಷ್ಟರಲ್ಲಿ 65 ದಾಟುತ್ತದೆ, ಎರಡನೆಯ ನಿಮಿಷದ ಕೊನೆಗೆ 100. ಆದ್ದರಿಂದಲೇ ಎಲೆಕ್ಟ್ರಿಕ್ ಬ್ರೇಕು ಕೈಕೊಟ್ಟ ಕ್ಷಣ ಗಾಳಿ ಬ್ರೇಕು ಅದರ ಜಾಗ ತುಂಬಬೇಕು. ಲೋಕೋ ಪೈಲಟ್ ಮೈಯೆಲ್ಲ ಕಣ್ಣಾಗಿ ಅದನ್ನು ಹಿಡಿದಿಡಬೇಕು. ಇಲ್ಲಿ ಬ್ಲಾಕುಗಳು ತಣ್ಣಗಿದ್ದವು ಎಂಬುದೇ ಜೀವದಾನ. ಅಷ್ಟು ದೂರ ಎಲೆಕ್ಟ್ರಿಕ್ ಬ್ರೇಕು ಭಾರ ಹೊತ್ತದ್ದರಿಂದ ಗಾಳಿ ಬ್ರೇಕಿನ ಪೂರ್ತಿ ತಾಕತ್ತು ಕೈಯಲ್ಲಿ ಉಳಿದಿದೆ. ಕಹೋನಿನ ಚಾಲಕನಿಗೆ ಸಿಗದೆ ಹೋದದ್ದು ಇದು. ಗಾಡಿ ನಿಂತ ಮೇಲೆ ವ್ಯಾಗನ್ನುಗಳ ಹ್ಯಾಂಡ್ ಬ್ರೇಕ್ ಬಿಗಿಯಲು ಅಸಿಸ್ಟೆಂಟ್ ಮಳೆಯಲ್ಲಿ ಇಳಿದು ನಡೆಯುತ್ತಾನೆ. ಅದೂ ಸಾಹಸವೇ, ಯಾರೂ ಹಾಡಿ ಹೊಗಳದ್ದು.

ಮರ ಉರುಳುವುದು ಅಪರೂಪ ಎನ್ನಬೇಡಿ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ರೈಲು ಸಂಚಾರ ದಿನಗಟ್ಟಲೆ ನಿಂತಿತ್ತು. 2018ರ ಆಗಸ್ಟಿನಲ್ಲೂ ಅಲ್ಲೇ ಸಾಲು ಸಾಲು ಕುಸಿತ. ಆ ಗುಡ್ಡಗಳಲ್ಲೇ ಈಗ ತಂತಿಯ ಕಂಬಗಳು ನಿಂತಿವೆ. ಘಾಟಿಯಲ್ಲಿ ತಂತಿ ಎಂದರೆ ಇನ್ನು ಮೇಲೆ ಕರೆಂಟಿನ ದಾರಿ ಮಾತ್ರವಲ್ಲ, ಅದು ಬ್ರೇಕಿನ ಒಂದು ಅಂಗ. ಕಂಬದ ಬುಡದ ಮಣ್ಣನ್ನೂ ತಂತಿಯ ಹತ್ತಿರದ ಕೊಂಬೆಯನ್ನೂ ಬ್ರೇಕ್ ಬ್ಲಾಕಿನಷ್ಟೇ ಕಾಳಜಿಯಿಂದ ನೋಡಬೇಕು ಎಂಬುದು ನನ್ನ ವಾದ.

ತಂತಿ ನೆಟ್ಟಗಿದ್ದರೂ ಕಂಟಕಗಳಿವೆ. ಎರಡು ಬೇರೆ ಫೇಸುಗಳ ನಡುವೆ ಕರೆಂಟಿಲ್ಲದ ತುಂಡು, ನ್ಯೂಟ್ರಲ್ ಸೆಕ್ಷನ್, ಬಂದಾಗ ಬ್ರೇಕಿನ ಕರೆಂಟನ್ನು ಸೊನ್ನೆಗೆ ಇಳಿಸಿ ದಾಟಬೇಕು. ಮಟ್ಟಸ ನೆಲದಲ್ಲಿ ಅದು ಗಮನಕ್ಕೂ ಬಾರದು. ಇಳಿಜಾರಿನಲ್ಲಿ ಆ ಕೆಲವು ಸೆಕೆಂಡು ಗಾಡಿ ಪೂರ್ತಿ ಗಾಳಿ ಬ್ರೇಕಿನ ಸುಪರ್ದಿಗೆ. ಇನ್ನು ಒದ್ದೆ ಹಳಿ. ಎಲೆಕ್ಟ್ರಿಕ್ ಬ್ರೇಕು ಹಿಡಿಯುವುದು ಎಂಜಿನ್ನಿನ ಚಕ್ರಗಳಲ್ಲಿ ಮಾತ್ರ. ಅವು ಜಾರತೊಡಗಿದರೆ ಕಂಪ್ಯೂಟರು ಬ್ರೇಕಿನ ಬಲ ತಗ್ಗಿಸಿ ಮರಳು ಉದುರಿಸುತ್ತದೆ. ಸ್ಯಾಂಡ್ ಬಾಕ್ಸಿನ ಮರಳು ಒಣಗಿರಬೇಕು. ಕೋಟ್ಯಂತರ ರೂಪಾಯಿಯ ಎಂಜಿನ್ನು ಒಂದು ಬುಟ್ಟಿ ಮರಳಿಗೆ ಕೈಯೊಡ್ಡುವ ಜಾಗ ಅದು!

ನಮ್ಮ ಮೆಟ್ರೋದಲ್ಲಿ ತೊಡಕು ಬೇರೆ ಬಗೆಯದು. 2011ರ ಅಕ್ಟೋಬರ್ 20ರಿಂದ ಬೆಂಗಳೂರಿನಲ್ಲಿ ಓಡುತ್ತಿರುವ ರೈಲುಗಳಿಗೆ 750 ವೋಲ್ಟಿನ ಮೂರನೆಯ ಹಳಿ. ಇಂಥ ಡಿಸಿ ವ್ಯವಸ್ಥೆಗಳ ಸಬ್‌ಸ್ಟೇಷನ್ನುಗಳಲ್ಲಿ ಸಾಮಾನ್ಯವಾಗಿ ಇರುವ ಡಯೋಡುಗಳು ಕರೆಂಟನ್ನು ಹೊರಗೆ ಬಿಡುತ್ತವೆ, ಒಳಗೆ ಸೇರಿಸವು. ಒಂದು ರೈಲು ಬ್ರೇಕ್ ಹಾಕುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಹೊರಡುತ್ತಿದ್ದರೆ ಅದು ಆ ಕರೆಂಟನ್ನು ಕುಡಿಯುತ್ತದೆ. ಯಾರೂ ಇಲ್ಲದಿದ್ದರೆ ವೋಲ್ಟೇಜು 900ರತ್ತ ಏರುತ್ತದೆ. ಆಗ ಎಲೆಕ್ಟ್ರಿಕ್ ಬ್ರೇಕು ಹಿಂಜರಿದು, ಕೆಲಸ ರೆಸಿಸ್ಟರಿಗೋ ಗಾಳಿ ಬ್ರೇಕಿಗೋ ದಾಟುತ್ತದೆ. ಪ್ರಯಾಣಿಕರಿಗೆ ಗೊತ್ತೂ ಆಗುವುದಿಲ್ಲ. ಅಲ್ಲಿ ಘಾಟಿಯ ಇಳಿಜಾರಿಲ್ಲ, ಅದೇ ಪುಣ್ಯ.

ಟೀ ಅಂಗಡಿಯ ಹಿರಿಯರಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಇನ್ನೊಂದೇ ಮಾತು: 'ಹಿಂದಿನ ಎಂಜಿನ್ ಕೆಟ್ಟದೆ ಅಂತ ಆ ಪುಣ್ಯಾತ್ಮ ಮುಂದಿನವನಿಗೆ ಯಾಕ್ ಹೇಳ್ಲಿಲ್ಲ?'

ಅಮೆರಿಕದ ತನಿಖಾಧಿಕಾರಿಗಳು ಎತ್ತಿದ ಪ್ರಶ್ನೆಗಳಲ್ಲೂ ಇದು ಒಂದು. ಹೊರಡುವ ಮೊದಲು ಪ್ರತಿ ಎಂಜಿನ್ನಿನ ಎಲೆಕ್ಟ್ರಿಕ್ ಬ್ರೇಕು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಚಾಲಕನಿಗೆ ತಿಳಿಸಲೇಬೇಕು ಎಂಬ ಕಟ್ಟಳೆ ಆ ದೇಶದ ರೈಲು ನಿಯಮಗಳಿಗೆ ಸೇರಿದ್ದು 2001ರಲ್ಲಿ, ಡಫಿ ಸ್ಟ್ರೀಟ್ ದುರಂತವಾಗಿ ಹನ್ನೆರಡು ವರ್ಷಕ್ಕೆ.